ಎಂಜಿನ್ ಚಾಲೂ ಆಗಲಿಲ್ಲವೇ? ಅವಸರ ಬೇಡ



ನಾವು ಖಾನಾಪುರ ತಾಲ್ಲೂಕಿನ ಹೆಣ್ಣುಮಕ್ಕಳು. ಮಲಪ್ರಭಾ ಹೊಳೆಯ ದಂಡೆಗೆ ನಮ್ಮ ಹೊಲ. ಕಣಕುಂಬಿಯಲ್ಲಿ ಹುಟ್ಟಿದ ಹೊಳೆ ನಮ್ಮ ಊರ ಮುಂದೆ ಹಾದುಹೋಗುತ್ತದೆ. ಮಳೆಗಾಲದಲ್ಲಿ ಭತ್ತ ಬೆಳೆಯುತ್ತೇವೆ. ಮಳೆ ನಿಂತ ಮೇಲೆ ಮೆಣಸಿನಕಾಯಿ, ಬದನೆಕಾಯಿ ಹಾಕುತ್ತೇವೆ. ಆಗ ಹೊಳೆಯಿಂದ ನೀರು ಎತ್ತಬೇಕು. ಅದಕ್ಕೆ ನಮ್ಮ ಸಂಘದ ಹತ್ತು ಮಂದಿ ಕೂಡಿ ಸಾಲ ಮಾಡಿದೆವು. ಒಂದು ಸಣ್ಣ ಪೆಟ್ರೋಲ್ ಎಂಜಿನ್ ಪಂಪು ಕೊಂಡೆವು.

ಮೊದಲ ವರ್ಷ ಪಂಪು ಚೆನ್ನಾಗಿ ನಡೆಯಿತು. ಮಳೆಗಾಲ ಬಂತು. ಪಂಪನ್ನು ಮೂಲೆಯಲ್ಲಿ ಇಟ್ಟೆವು. ಮಳೆ ಮುಗಿಯಿತು. ಮೆಣಸಿನ ಸಸಿ ಹಚ್ಚಿದೆವು. ಪಂಪು ಹೊರಗೆ ತೆಗೆದು ಹಗ್ಗ ಜಗ್ಗಿದೆವು.

ಎಂಜಿನ್ ಚಾಲೂ ಆಗಲಿಲ್ಲ.

ಒಬ್ಬಾಕಿ ಜಗ್ಗಿದಳು. ಇನ್ನೊಬ್ಬಾಕಿ ಜಗ್ಗಿದಳು. ಕೈ ಸೋತವು. ಹೊತ್ತು ಮುಳುಗಿತು. ಸುತ್ತ ಪೆಟ್ರೋಲಿನ ವಾಸನೆ ಹರಡಿತ್ತು. "ಟಾಕ್ಯಾಗ ಪೆಟ್ರೋಲ್ ಐತೋ ಇಲ್ಲೋ ನೋಡೂಣು" ಅಂತ ಒಬ್ಬಾಕಿ ಉರಿಯುವ ಕಂದೀಲು ಹಿಡಿದು ಬಂದಳು. ನಮ್ಮ ಪೈಕಿ ಹಿರಿಯಳಾದ ದೊಡ್ಡವ್ವ ಕೂಗಿದಳು:

"ಏ ಹುಡುಗಿ, ಅಲ್ಲೇ ನಿಂದ್ರು! ಹೆಜ್ಜಿ ಮುಂದ ಇಡಬ್ಯಾಡ!"

ಆ ಕೂಗು ಇಲ್ಲದಿದ್ದರೆ ಆ ದಿನ ಏನಾಗುತ್ತಿತ್ತೋ. ಇಂದಿಗೂ ನೆನೆದರೆ ನಮ್ಮ ಎದೆ ನಡುಗುತ್ತದೆ.

ಆಟೋ ನಗರಕ್ಕೆ ಹೋದೆವು

ಮರುದಿನ ಪಂಪನ್ನು ಟೆಂಪೋದಲ್ಲಿ ಹಾಕಿಕೊಂಡು ಬೆಳಗಾವಿಗೆ ಹೊರಟೆವು. ಖಾನಾಪುರದಿಂದ ಬೆಳಗಾವಿ ಸುಮಾರು 26 ಕಿಲೋಮೀಟರ್. ಕಣಬರಗಿ ಕಡೆಗೆ ಆಟೋ ನಗರ ಇದೆ. ಅಲ್ಲಿ ಒಂದು ಗ್ಯಾರೇಜು ಸಿಕ್ಕಿತು. ವಯಸ್ಸಾದ ಮಿಸ್ತ್ರಿ ಕಾಕಾ ನಮ್ಮ ಪಂಪು ನೋಡಿದರು.

"ಈ ಪೆಟ್ರೋಲ್ ಯಾವಾಗ ಹಾಕಿದ್ದವ್ವಾ?"

"ಮಳಿಗಾಲದ ಮುಂಚೆ ಹಾಕಿದ್ದು ಕಾಕಾ."

ಮಿಸ್ತ್ರಿ ಕಾಕಾ ಆ ಪೆಟ್ರೋಲನ್ನು ಒಂದು ಗಾಜಿನ ಬಾಟಲಿಗೆ ಇಳಿಸಿದರು. ಬಾಟಲಿಯನ್ನು ಎತ್ತಿ ತೋರಿಸಿದರು. ತಳದಲ್ಲಿ ಒಂದು ಪದರು ಬೇರೆಯೇ ಕಾಣುತ್ತಿತ್ತು. ಅದು ನೀರು ಸೇರಿದ ಪದರು. ಕಾಕಾ ಟಾಕಿ ಪೂರ್ತಿ ಖಾಲಿ ಮಾಡಿದರು. ಪ್ಲಗ್ ಒರೆಸಿ ಒಣಗಿಸಿದರು. ಹೊಸ ಪೆಟ್ರೋಲ್ ಹಾಕಿ ಎರಡು ಸಲ ಹಗ್ಗ ಜಗ್ಗಿದರು. ಎಂಜಿನ್ ಚಾಲೂ ಆಯಿತು!

"ಇಷ್ಟಕ್ಕ ಇಷ್ಟು ದೂರ ಬಂದ್ರೇನವ್ವಾ?" ಎಂದರು.

ನಮಗೆ ನಾಚಿಕೆ ಆಯಿತು. ಟೆಂಪೋ ಬಾಡಿಗೆ ಹೋಯಿತು. ಒಂದು ದಿನದ ದುಡಿಮೆ ಹೋಯಿತು. ಅತ್ತ ಸಸಿ ಬಾಡಿದ್ದವು. "ನಮಗೂ ಕಲಸ್ರಿ ಕಾಕಾ" ಎಂದು ಕೇಳಿದೆವು. ಅವರು ಬೇಸರ ಮಾಡಿಕೊಳ್ಳದೆ ಕಲಿಸಿದರು. ಎಂಜಿನ್ ಜೊತೆ ಒಂದು ಪುಸ್ತಕ ಬಂದಿತ್ತು. ಅದನ್ನು ನಾವು ಅಲ್ಲಿಯವರೆಗೆ ತೆರೆದೇ ಇರಲಿಲ್ಲ. ಅದನ್ನೂ ಕೂಡಿ ಓದಿದೆವು. ನಾವು ಕಲಿತದ್ದನ್ನು ಈಗ ನಿಮಗೆ ಹೇಳುತ್ತೇವೆ.

ಎಂಜಿನ್ನಿಗೆ ಏನು ಬೇಕು?

ನಾವು ದಿನಾ ಒಲೆ ಹೊತ್ತಿಸುತ್ತೇವೆ. ಒಲೆಗೆ ಏನು ಬೇಕು? ಕಟ್ಟಿಗೆ ಬೇಕು. ಗಾಳಿ ಬೇಕು. ಕಡ್ಡಿ ಗೀರಬೇಕು. ಇವುಗಳಲ್ಲಿ ಒಂದು ಇಲ್ಲದಿದ್ದರೂ ಒಲೆ ಹೊತ್ತುವುದಿಲ್ಲ.

ಎಂಜಿನ್ನೂ ಹಾಗೆಯೇ. ಅದಕ್ಕೆ ಪೆಟ್ರೋಲ್ ಬೇಕು. ಗಾಳಿ ಬೇಕು. ಕಿಡಿ ಬೇಕು. ಕಾರ್ಬೋರೇಟರ್ ಎಂಬ ಭಾಗ ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸುತ್ತದೆ. ಒಳಗೆ ಪಿಸ್ಟನ್ ಆ ಮಿಶ್ರಣವನ್ನು ಒತ್ತುತ್ತದೆ. ಪ್ಲಗ್ ಕಿಡಿ ಹಾರಿಸುತ್ತದೆ. ಮಿಶ್ರಣ ಉರಿದು ಪಿಸ್ಟನ್ನನ್ನು ದೂಡುತ್ತದೆ. ಆಗ ಎಂಜಿನ್ ತಿರುಗುತ್ತದೆ.

ಎಂಜಿನ್ ಚಾಲೂ ಆಗದಿದ್ದರೆ ನಾವು ಕೇಳಬೇಕಾದ ಪ್ರಶ್ನೆ ಮೂರು:

ಪೆಟ್ರೋಲ್ ಬರುತ್ತಿದೆಯೇ?
ಗಾಳಿ ಹೋಗುತ್ತಿದೆಯೇ?
ಕಿಡಿ ಹಾರುತ್ತಿದೆಯೇ?

ತವರಿಗೆ ಹೊರಟ ಬರ್ತಾ

"ಎಂಜಿನ್ ಕೆಲಸ ಹೆಂಗಸರಿಗೇನು ತಿಳೀತದ?" ಎಂದು ಕೆಲವರು ನಗುತ್ತಾರೆ. ಅವರಿಗೆ ಈ ಕಥೆ ಹೇಳಿರಿ.

ಜರ್ಮನಿ ದೇಶದಲ್ಲಿ ಬರ್ತಾ ಬೆಂಜ್ ಎಂಬ ಹೆಣ್ಣುಮಗಳು ಇದ್ದಳು. ಅವಳ ಗಂಡ ಕಾರ್ಲ್ ಬೆಂಜ್. ಆತ ಪೆಟ್ರೋಲಿನಂಥ ಎಣ್ಣೆಯಿಂದ ಓಡುವ ಮೂರು ಗಾಲಿಯ ಮೋಟಾರು ಗಾಡಿ ಮಾಡಿದ್ದ. ಜನಕ್ಕೆ ಆ ಗಾಡಿಯ ಮೇಲೆ ನಂಬಿಕೆ ಬಂದಿರಲಿಲ್ಲ. 1888ರ ಆಗಸ್ಟ್ ತಿಂಗಳು. ಬರ್ತಾ ಗಂಡನಿಗೆ ಮೊದಲು ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು, ಅದೇ ಗಾಡಿಯಲ್ಲಿ ತವರೂರಿಗೆ ಹೊರಟಳು. ಮನ್‌ಹೈಮ್ ಪಟ್ಟಣದಿಂದ ಫೋರ್ಟ್ಸ್‌ಹೈಮ್ ಪಟ್ಟಣಕ್ಕೆ ಸುಮಾರು 100 ಕಿಲೋಮೀಟರ್ ದಾರಿ.

ಆಗ ಪೆಟ್ರೋಲ್ ಬಂಕು ಎಲ್ಲಿದ್ದವು? ಬರ್ತಾ ಔಷಧಿ ಅಂಗಡಿಯಲ್ಲಿ ಎಣ್ಣೆ ಕೊಂಡಳು. ದಾರಿಯಲ್ಲಿ ಎಣ್ಣೆಯ ಕೊಳವೆ ಕಟ್ಟಿತು. ತನ್ನ ಟೋಪಿಯ ಪಿನ್ನು ತೆಗೆದು ಕೊಳವೆ ಬಿಡಿಸಿದಳು. ಕಿಡಿ ಕೊಡುವ ತಂತಿಯ ಹೊದಿಕೆ ಸವೆದಿತ್ತು. ಕಾಲುಚೀಲ ಬಿಗಿಯುವ ಪಟ್ಟಿಯನ್ನು ಅದಕ್ಕೆ ಸುತ್ತಿದಳು. ಹೀಗೆ ತವರು ಮುಟ್ಟಿದಳು.

ಬರ್ತಾ ನೋಡಿದ್ದೂ ಇದನ್ನೇ: ಎಣ್ಣೆ ಬರುತ್ತಿದೆಯೇ? ಕಿಡಿ ಹಾರುತ್ತಿದೆಯೇ?

ಕೈ ಹಚ್ಚುವ ಮುಂಚೆ

ಸೀಮೆಎಣ್ಣೆಯ ಅಭ್ಯಾಸ ನಮಗೆ ಉಂಟು. ಆದರೆ ಪೆಟ್ರೋಲ್ ಸೀಮೆಎಣ್ಣೆಯ ಹಾಗಲ್ಲ. ಅದು ತೆರೆದಿಟ್ಟ ಕೂಡಲೇ ಆವಿಯಾಗಿ ಹಾರುತ್ತದೆ. ಆ ಆವಿ ಗಾಳಿಗಿಂತ ಭಾರ. ಅದು ಮೇಲೆ ಹೋಗುವುದಿಲ್ಲ. ನೆಲ ಹಿಡಿದು ಹರಿಯುತ್ತದೆ. ತಗ್ಗಿನಲ್ಲಿ ನಿಲ್ಲುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ಆಚೆ ದೂರದಲ್ಲಿ ಒಲೆ ಇದ್ದರೂ ಆವಿ ಅಲ್ಲಿಗೆ ಮುಟ್ಟಿ ಹೊತ್ತಿಕೊಳ್ಳಬಹುದು. ಬೆಂಕಿ ಹಿಂದಕ್ಕೆ ಓಡಿ ಬರುತ್ತದೆ.

ಅದಕ್ಕೇ ಮೊದಲು ಇವನ್ನು ಮಾಡಿರಿ:

1. ಎಂಜಿನ್ನನ್ನು ಬಯಲಿಗೆ ತನ್ನಿರಿ. ಮನೆ, ಕೊಟ್ಟಿಗೆ, ಗುಡಿಸಲಿನ ಒಳಗೆ ಬೇಡ.

2. ಒಲೆ, ದೀಪ, ಕಂದೀಲು, ಬೀಡಿ, ಊದುಬತ್ತಿ ಹತ್ತಿರ ಇರಬಾರದು. ಕತ್ತಲಾದರೆ ಕೆಲಸ ನಿಲ್ಲಿಸಿರಿ. ಬೆಳಗಾಗಲಿ.

3. ಎಂಜಿನ್ ಬಿಸಿ ಇದ್ದರೆ ಆರಲು ಬಿಡಿ. ಬಿಸಿ ಸೈಲೆನ್ಸರ್ ಮೇಲೆ ಪೆಟ್ರೋಲ್ ಚೆಲ್ಲಿದರೆ ಹೊತ್ತಿಕೊಳ್ಳಬಹುದು. ಮುಟ್ಟಿದರೆ ಕೈ ಸುಡುತ್ತದೆ.

4. ಸೀರೆಯ ಸೆರಗು ಬಿಗಿಯಾಗಿ ಸಿಕ್ಕಿಸಿರಿ. ಜಡೆ ಕಟ್ಟಿರಿ. ತಿರುಗುವ ಭಾಗಕ್ಕೆ ಬಟ್ಟೆ ಸಿಕ್ಕರೆ ಎಂಜಿನ್ ಬಿಡುವುದಿಲ್ಲ.

5. ಎಂಜಿನ್ನಿನ ಯಾವ ಭಾಗ ಬಿಚ್ಚುವುದಿದ್ದರೂ ಮೊದಲು ಸ್ವಿಚ್ ಆಫ್ ಮಾಡಿರಿ. ಪ್ಲಗ್ಗಿನ ಮೇಲಿನ ಟೋಪಿ ಕಿತ್ತು ದೂರ ಸರಿಸಿರಿ. ಆಗ ಎಂಜಿನ್ ತಾನಾಗಿ ತಿರುಗುವ ಭಯ ಇಲ್ಲ.

6. ಒಂದು ಬುಟ್ಟಿ ಒಣ ಉಸುಕು ಹತ್ತಿರ ಇಡಿರಿ. ಮಕ್ಕಳನ್ನು ದೂರ ಕಳಿಸಿರಿ.

ಒಂದೊಂದಾಗಿ ನೋಡೋಣ

ಸುಲಭದ್ದನ್ನು ಮೊದಲು ನೋಡಬೇಕು. ಪಾನಾ ಹಿಡಿಯುವುದು ಕಡೆಗೆ.

ಒಂದು: ಸ್ವಿಚ್ ಆನ್ ಇದೆಯೇ? ನಗಬೇಡಿರಿ. ಎಷ್ಟೋ ಸಲ ಮರೆತಿರುತ್ತೇವೆ.

ಎರಡು: ಟಾಕಿಯಲ್ಲಿ ಪೆಟ್ರೋಲ್ ಇದೆಯೇ? ಹಗಲಿನಲ್ಲಿ ನೋಡಿರಿ. ತಿಂಗಳಿಗಿಂತ ಹಳೆಯದಾಗಿದ್ದರೆ ಅದರ ಮೇಲೆ ನಂಬಿಕೆ ಇಡಬೇಡಿರಿ. ಈಗ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆಸುತ್ತಾರೆ. 2022ರಲ್ಲಿ ನೂರು ಪಾಲಿಗೆ 10 ಪಾಲು ಇತ್ತು. 2025ರಲ್ಲಿ 20 ಪಾಲು ಆಯಿತು. ಎಥೆನಾಲನ್ನು ಕಬ್ಬಿನಿಂದಲೂ ಮಾಡುತ್ತಾರೆ. ನಮ್ಮ ಬೆಳಗಾವಿ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳಲ್ಲೂ ಅದು ತಯಾರಾಗುತ್ತದೆ. ಉಪ್ಪು ಮಳೆಗಾಲದಲ್ಲಿ ನೀರೊಡೆಯುತ್ತದಲ್ಲ, ಹಾಗೆ ಎಥೆನಾಲ್ ಗಾಳಿಯ ತೇವ ಹೀರುತ್ತದೆ. ತೇವ ಹೆಚ್ಚಾದರೆ ನೀರಿನ ಜೊತೆ ತಳಕ್ಕೆ ಇಳಿಯುತ್ತದೆ. ಖಾನಾಪುರದ ಮಳೆ ನಿಮಗೆ ಗೊತ್ತೇ ಇದೆ. ನಮ್ಮ ಪಂಪು ಕೆಟ್ಟದ್ದು ಹೀಗೆಯೇ.

ಮೂರು: ಪೆಟ್ರೋಲ್ ಕಾಕ್ ತೆರೆದಿದೆಯೇ? ಟಾಕಿಯ ಕೆಳಗೆ ಇರುವ ಚಿಕ್ಕ ಹಿಡಿಕೆಯೇ ಕಾಕ್. ಅದು ಮುಚ್ಚಿದ್ದರೆ ಪೆಟ್ರೋಲ್ ಕೆಳಗೆ ಇಳಿಯುವುದಿಲ್ಲ. ಟಾಕಿಯ ಮುಚ್ಚಳದಲ್ಲಿ ಗಾಳಿಯ ಸಣ್ಣ ತೂತು ಇರುತ್ತದೆ. ಅದರಲ್ಲಿ ಕೆಸರು ಕೂತಿದ್ದರೂ ಪೆಟ್ರೋಲ್ ಇಳಿಯುವುದಿಲ್ಲ.

ನಾಲ್ಕು: ಎಂಜಿನ್ ಎಣ್ಣೆ ಸಾಕಷ್ಟು ಇದೆಯೇ? ಎಂಜಿನ್ನನ್ನು ಸಮ ನೆಲದ ಮೇಲೆ ಇಟ್ಟು ನೋಡಿರಿ. ಕೆಲವು ಎಂಜಿನ್ನುಗಳು ಎಣ್ಣೆ ಕಡಿಮೆ ಇದ್ದರೆ ಚಾಲೂ ಆಗುವುದೇ ಇಲ್ಲ. ಎಂಜಿನ್ ಸುಟ್ಟುಹೋಗಬಾರದೆಂದು ಹಾಗೆ ಮಾಡಿರುತ್ತಾರೆ. ಔಷಧಿ ಹೊಡೆಯುವ ಪಂಪು, ಹುಲ್ಲು ಕತ್ತರಿಸುವ ಯಂತ್ರ ಇಂಥ ಕೆಲವು ಯಂತ್ರಗಳಲ್ಲಿ ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸಬೇಕು. ನಿಮ್ಮದು ಯಾವುದು ಎಂದು ಪುಸ್ತಕ ಓದಿ ತಿಳಿಯಿರಿ.

ಐದು: ಚೋಕ್ ಎಲ್ಲಿದೆ? ಚೋಕ್ ಎಂದರೆ ಗಾಳಿ ಕಡಿಮೆ ಮಾಡುವ ಹಿಡಿಕೆ. ಎಂಜಿನ್ ತಣ್ಣಗಿದ್ದಾಗ ಚೋಕ್ ಮುಚ್ಚಿ ಜಗ್ಗಬೇಕು. ಚಾಲೂ ಆದ ಮೇಲೆ ನಿಧಾನವಾಗಿ ತೆರೆಯಬೇಕು. ಎಂಜಿನ್ ಬಿಸಿ ಇದ್ದರೆ ಚೋಕ್ ಮುಚ್ಚುವುದು ಬೇಡ.

ಆರು: ಗಾಳಿಯ ಫಿಲ್ಟರ್ ಕಟ್ಟಿದೆಯೇ? ಧೂಳು, ಭತ್ತದ ಹೊಟ್ಟು ಅದರಲ್ಲಿ ತುಂಬುತ್ತದೆ. ಸ್ಪಂಜಿನ ಫಿಲ್ಟರ್ ಆದರೆ ಸಾಬೂನು ನೀರಿನಲ್ಲಿ ತೊಳೆದು, ಹಿಂಡಿ, ಪೂರ್ತಿ ಒಣಗಿಸಿರಿ. ಕಾಗದದ್ದಾದರೆ ತೊಳೆಯಬೇಡಿರಿ. ಮೆಲ್ಲಗೆ ತಟ್ಟಿರಿ, ಇಲ್ಲವೇ ಬದಲಿಸಿರಿ. ಪೆಟ್ರೋಲಿನಿಂದ ಯಾವುದನ್ನೂ ತೊಳೆಯಬಾರದು.

ಏಳು: ಪ್ಲಗ್ ಹೇಗಿದೆ? ಎಂಜಿನ್ ತಣ್ಣಗಿರಲಿ, ಸ್ವಿಚ್ ಆಫ್ ಇರಲಿ. ಟೋಪಿ ಕಿತ್ತು ಪ್ಲಗ್ಗಿನ ಪಾನಾದಿಂದ ಬಿಚ್ಚಿರಿ. ಪ್ಲಗ್ಗಿನ ತುದಿ ನೋಡಿರಿ. ಒದ್ದೆ ಇದ್ದರೆ ಪೆಟ್ರೋಲ್ ಹೆಚ್ಚು ಬಂದಿದೆ. ಎಷ್ಟು ಜಗ್ಗಿದರೂ ಒಣಗಿಯೇ ಇದ್ದರೆ ಪೆಟ್ರೋಲ್ ಬರುತ್ತಿಲ್ಲ. ಕರಿ ಮಸಿ ಹಿಡಿದಿದ್ದರೆ ಒರೆಸಬೇಕು. ತುದಿಯಲ್ಲಿ ಒಂದು ಸಣ್ಣ ಸಂದು ಇರುತ್ತದೆ. ಅನೇಕ ಸಣ್ಣ ಎಂಜಿನ್ನುಗಳಿಗೆ ಅದು 0.7 ರಿಂದ 0.8 ಮಿಲಿಮೀಟರ್ ಇರಬೇಕು. ಪ್ಲಗ್ ಸವೆದಿದ್ದರೆ ಅದೇ ನಂಬರಿನ ಹೊಸ ಪ್ಲಗ್ ತನ್ನಿರಿ. ನಂಬರು ಪ್ಲಗ್ಗಿನ ಮೇಲೆಯೇ ಬರೆದಿರುತ್ತದೆ. ಕೂರಿಸುವಾಗ ಮೊದಲು ಕೈಯಿಂದ ತಿರುಗಿಸಿರಿ. ಕಡೆಗೆ ಪಾನಾದಿಂದ ಬಿಗಿಯಿರಿ. ಅತಿಯಾಗಿ ಬಿಗಿಯಬೇಡಿರಿ.

ಕಿಡಿ ನೋಡುವುದು ಬೇಡ

ಕೆಲವರು ಪ್ಲಗ್ ಬಿಚ್ಚಿ, ಎಂಜಿನ್ನಿಗೆ ತಾಗಿಸಿ ಹಿಡಿದು, ಹಗ್ಗ ಜಗ್ಗಿ ಕಿಡಿ ನೋಡುತ್ತಾರೆ. ನಾವೂ ಹಾಗೆ ನೋಡಬೇಕೆಂದು ಮಿಸ್ತ್ರಿ ಕಾಕಾನನ್ನು ಕೇಳಿದೆವು. ಅವರು ಬೇಡ ಎಂದರು. "ಪ್ಲಗ್ ಬಿಚ್ಚಿದ ತೂತಿನ್ಯಾಗಿಂದ ಪೆಟ್ರೋಲ್ ಆವಿ ಹೊರಗ ಹಾರ್ತದ. ಅಲ್ಲೇ ಬಾಜೂಕ ಕಿಡಿ ಹಾರಿದ್ರ ಮಾರಿಗೇ ಬೆಂಕಿ. ಅದು ನಮ್ಮ ಕೆಲಸ. ನೀವು ಹೊಸಾ ಪ್ಲಗ್ ಹಾಕಿ ನೋಡ್ರಿ, ಸಾಕು" ಎಂದರು.

ಪೆಟ್ರೋಲ್ ಹೆಚ್ಚಾದರೆ

ಬಹಳ ಸಲ ಜಗ್ಗಿದರೆ ಒಳಗೆ ಪೆಟ್ರೋಲ್ ತುಂಬಿಕೊಳ್ಳುತ್ತದೆ. ಒಲೆಗೆ ಹಸಿ ಕಟ್ಟಿಗೆ ತುಂಬಿದ ಹಾಗೆ ಆಗುತ್ತದೆ. ವಾಸನೆ ಜೋರಾಗಿ ಬರುತ್ತದೆ. ಆಗ ಮತ್ತೆ ಮತ್ತೆ ಜಗ್ಗಬೇಡಿರಿ. ಸ್ವಿಚ್ ಆಫ್ ಮಾಡಿರಿ. ಕಾಕ್ ಮುಚ್ಚಿರಿ. 15 ನಿಮಿಷ ದೂರ ಕೂಡಿರಿ. ಚೆಲ್ಲಿದ ಪೆಟ್ರೋಲ್ ಒಣಗಲಿ, ವಾಸನೆ ಹೋಗಲಿ. ಆಮೇಲೆ ಸ್ವಿಚ್ ಆನ್ ಮಾಡಿ, ಚೋಕ್ ತೆರೆದು, ರೇಸಿನ ಹಿಡಿಕೆ ಪೂರ್ತಿ ತೆರೆದು ಜಗ್ಗಿರಿ. ಚಾಲೂ ಆದ ಕೂಡಲೇ ರೇಸ್ ಕಡಿಮೆ ಮಾಡಿ ಕಾಕ್ ತೆರೆಯಿರಿ.

ಪ್ರಾಣಕ್ಕೆ ಸಂಚಕಾರ ತರುವ ನಾಲ್ಕು ತಪ್ಪು

ಒಂದು. ಬಾಯಿಯಿಂದ ಕೊಳವೆ ಹೀರಿ ಪೆಟ್ರೋಲ್ ತೆಗೆಯಬಾರದು. ಅದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೆ ಅಪಾಯ. ಯಾರಾದರೂ ಕುಡಿದರೆ ವಾಂತಿ ಮಾಡಿಸಬಾರದು. ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಎರಡು. ನೀರಿನ ಬಾಟಲಿಯಲ್ಲಿ ಪೆಟ್ರೋಲ್ ಇಡಬಾರದು. ಮಕ್ಕಳು ನೀರೆಂದು ಕುಡಿಯುತ್ತಾರೆ. ಪೆಟ್ರೋಲಿಗೇ ಎಂದು ಮಾಡಿದ ಡಬ್ಬಿಯಲ್ಲಿ, ಬಿಗಿ ಮುಚ್ಚಳ ಹಾಕಿ, ಅಡಿಗೆ ಮನೆಯಿಂದ ದೂರ ಇಡಿರಿ. ಡಬ್ಬಿಯ ಮೇಲೆ "ಪೆಟ್ರೋಲ್" ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ.

ಮೂರು. ನಡೆಯುವ ಎಂಜಿನ್ನಿಗೆ ಪೆಟ್ರೋಲ್ ಹಾಕಬಾರದು. ನಿಲ್ಲಿಸಿ, ಆರಿಸಿ, ಆಮೇಲೆ ಹಾಕಿರಿ. ಕಾರ್ಬೋರೇಟರಿನ ಬಾಯಿಗೆ ನೇರವಾಗಿ ಪೆಟ್ರೋಲ್ ಸುರಿದು ಜಗ್ಗುವುದೂ ಬೇಡ.

ನಾಲ್ಕು. ಎಂಜಿನ್ನನ್ನು ಬಾವಿಯೊಳಗೆ ಇಳಿಸಬಾರದು. ಕೋಣೆಯಲ್ಲಿ ನಡೆಸಬಾರದು. ನೀರು ಆಳಕ್ಕೆ ಹೋದಾಗ ಕೆಲವರು ಪಂಪನ್ನು ಬಾವಿಯ ಮೆಟ್ಟಿಲ ಮೇಲೆ ಇಳಿಸುತ್ತಾರೆ. ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷದ ಗಾಳಿ ಇರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆ ತಿರುಗಿ ಮನುಷ್ಯ ಬೀಳುತ್ತಾನೆ. ಎತ್ತಲು ಇಳಿದವನೂ ಬೀಳುತ್ತಾನೆ. ಹೀಗೆ ಯಾರಾದರೂ ಬಿದ್ದರೆ ಬರಿಗೈಯಲ್ಲಿ ಇಳಿಯಬೇಡಿರಿ. 112ಕ್ಕೆ ಫೋನು ಮಾಡಿರಿ.

ಬೆಂಕಿ ಹತ್ತಿದರೆ

ಪೆಟ್ರೋಲ್ ಬೆಂಕಿಗೆ ನೀರು ಹಾಕಬೇಡಿರಿ. ಪೆಟ್ರೋಲ್ ನೀರಿನ ಮೇಲೆ ತೇಲುತ್ತದೆ. ಬೆಂಕಿ ಇನ್ನೂ ಹರಡುತ್ತದೆ. ಸಣ್ಣ ಬೆಂಕಿಗೆ ಉಸುಕು ಹಾಕಿರಿ. ಬೆಂಕಿ ದೊಡ್ಡದಾದರೆ ಎಂಜಿನ್ ಬಿಟ್ಟು ದೂರ ಓಡಿರಿ. ಅಗ್ನಿಶಾಮಕ ದಳದ ನಂಬರು 101. ಎಂಜಿನ್ ಮತ್ತೆ ಕೊಳ್ಳಬಹುದು, ಜೀವ ಬರುವುದಿಲ್ಲ.

ಸೀರೆಗೆ ಬೆಂಕಿ ತಾಗಿದರೆ ಓಡಬಾರದು. ನೆಲಕ್ಕೆ ಬಿದ್ದು ಉರುಳಬೇಕು. ಹತ್ತಿರ ಇದ್ದವರು ದಪ್ಪ ಕಂಬಳಿ ಹೊದಿಸಿ ಒತ್ತಬೇಕು. ಬೆಂಕಿ ಆರಿದ ಮೇಲೆ ಸುಟ್ಟ ಗಾಯದ ಮೇಲೆ 20 ನಿಮಿಷ ತಣ್ಣೀರು ಹರಿಸಿರಿ. ಇಂಕು, ಸುಣ್ಣ, ಎಣ್ಣೆ ಹಚ್ಚಬೇಡಿರಿ. ಆಂಬುಲೆನ್ಸಿಗೆ 108ಕ್ಕೆ ಫೋನು ಮಾಡಿರಿ.

ಮಿಸ್ತ್ರಿ ಹತ್ತಿರ ಯಾವಾಗ ಹೋಗಬೇಕು?

ಹಗ್ಗ ಜಗ್ಗಲು ಬಾರದಷ್ಟು ಬಿಗಿ ಇದ್ದರೆ, ಪೆಟ್ರೋಲ್ ಸೋರುತ್ತಿದ್ದರೆ, ಒಳಗೆ ಬಡಿದ ಸದ್ದು ಬಂದರೆ, ಏಳೂ ನೋಡಿದ ಮೇಲೂ ಚಾಲೂ ಆಗದಿದ್ದರೆ ಮಿಸ್ತ್ರಿಯನ್ನು ಕಾಣಿರಿ. ಹೋಗುವ ಮುಂಚೆ ಚೀಟಿ ಬರೆದುಕೊಳ್ಳಿರಿ. ಯಾವ ದಿನ ನಿಂತಿತು? ಪೆಟ್ರೋಲ್ ಯಾವಾಗ ಹಾಕಿದ್ದು? ಪ್ಲಗ್ ಒದ್ದೆಯೋ, ಒಣಗಿತ್ತೋ? ಏನೇನು ನೋಡಿದಿರಿ? ಚೀಟಿ ಇದ್ದರೆ ಮಿಸ್ತ್ರಿಗೆ ಕೆಲಸ ಸುಲಭ. ಬೇಡದ ಖರ್ಚೂ ಉಳಿಯಬಹುದು. ಯಾವ ಸಾಮಾನು ಬದಲಿಸಿದರು ಎಂದು ಕೇಳಿರಿ. ಹಳೆಯ ಸಾಮಾನು ಮರಳಿ ಪಡೆಯಿರಿ. ಬಿಲ್ಲು ಓದಿ ದುಡ್ಡು ಕೊಡಿರಿ.

ಮಳೆಗಾಲಕ್ಕೆ ಇಡುವಾಗ

ತಣ್ಣಗಿರುವ ಎಂಜಿನ್ನಿನ ಟಾಕಿಯಿಂದ ಪೆಟ್ರೋಲನ್ನು ಬಯಲಿನಲ್ಲಿ ಡಬ್ಬಿಗೆ ಇಳಿಸಿರಿ. ಆಮೇಲೆ ಬಯಲಿನಲ್ಲಿಯೇ ಎಂಜಿನ್ ಚಾಲೂ ಮಾಡಿ, ಉಳಿದ ಪೆಟ್ರೋಲ್ ತೀರಿ ತಾನೇ ನಿಲ್ಲುವವರೆಗೆ ಬಿಡಿರಿ. ಪಂಪಿನಲ್ಲಿ ನೀರು ತುಂಬಿರಲಿ. ನೀರಿಲ್ಲದೆ ತಿರುಗಿದರೆ ಪಂಪಿನ ಸೀಲು ಸುಡುತ್ತದೆ. ಕಡೆಗೆ ಆ ನೀರನ್ನೂ ಬಸಿಯಿರಿ. ಒಣ ಜಾಗದಲ್ಲಿ ಮುಚ್ಚಿ ಇಡಿರಿ. ಕೆಟ್ಟ ಪೆಟ್ರೋಲನ್ನು ಹೊಳೆಗೆ, ಗಟಾರಕ್ಕೆ ಸುರಿಯಬೇಡಿರಿ. ಒಲೆ ಹೊತ್ತಿಸಲು ಬಳಸಲೇಬೇಡಿರಿ. ಗ್ಯಾರೇಜಿನಲ್ಲಿ ಕೇಳಿ ಅಲ್ಲಿ ಕೊಡಿರಿ.

ನಮ್ಮ ಪಂಪಿನ ಮೇಲೆ ನಮ್ಮ ಅಕ್ಷರ

ಎಂಜಿನ್ ಮೇಲೆ ಎಲ್ಲ ಇಂಗ್ಲಿಷಿನಲ್ಲಿ ಬರೆದಿತ್ತು. ನಮಗೆ ತಿಳಿಯುತ್ತಿರಲಿಲ್ಲ. ಒಂದು ದಿನ ಬಿಳಿ ಬಣ್ಣ ತಂದೆವು. ಕಾಕ್ ಹತ್ತಿರ "ತೆರೆ", "ಮುಚ್ಚು" ಎಂದು ಬರೆದೆವು. ಸ್ವಿಚ್ಚಿನ ಹತ್ತಿರ "ಚಾಲೂ", "ಬಂದ್" ಎಂದು ಬರೆದೆವು. ಟಾಕಿಯ ಮೇಲೆ "ಬೆಂಕಿ ದೂರ" ಎಂದು ಬರೆದೆವು. ಇದನ್ನು ಬರೆದಾಕಿ ಯಾರು ಗೊತ್ತೇ? ಅಂದು ಕಂದೀಲು ಹಿಡಿದು ಬಂದಾಕಿಯೇ!

ಮುಂದಿನ ವರ್ಷ ಒಂದು ಬೆಳಿಗ್ಗೆ ಪಂಪು ಮತ್ತೆ ಚಾಲೂ ಆಗಲಿಲ್ಲ. ನಾವು ಅವಸರ ಮಾಡಲಿಲ್ಲ. ಒಂದು, ಎರಡು, ಮೂರು ಎಂದು ನೋಡುತ್ತ ಹೋದೆವು. ಮೂರನೆಯದಕ್ಕೇ ಸಿಕ್ಕಿತು. ಯಾರೋ ಹುಡುಗರು ಆಟವಾಡುತ್ತ ಕಾಕನ್ನು "ಮುಚ್ಚು" ಕಡೆಗೆ ತಿರುಗಿಸಿದ್ದರು. "ತೆರೆ" ಕಡೆಗೆ ತಿರುಗಿಸಿದೆವು. ಹಗ್ಗ ಜಗ್ಗಿದೆವು. ಹೊಳೆಯ ನೀರು ಮೆಣಸಿನ ಮಡಿಗೆ ಹರಿಯಿತು.

ಓದಿರಿ, ಬರೆಯಿರಿ

ಅ) ಈ ಪದಗಳನ್ನು ಎರಡು ಸಲ ಬರೆಯಿರಿ:
ಪ್ಲಗ್, ಚೋಕ್, ಫಿಲ್ಟರ್, ಸ್ವಿಚ್, ಸೈಲೆನ್ಸರ್, ಕಾರ್ಬೋರೇಟರ್

ಆ) ಬಿಟ್ಟ ಸ್ಥಳ ತುಂಬಿರಿ:
1. ಎಂಜಿನ್ನಿಗೆ ಪೆಟ್ರೋಲ್, ಗಾಳಿ ಮತ್ತು ______ ಬೇಕು.
2. ಪೆಟ್ರೋಲ್ ಆವಿ ಗಾಳಿಗಿಂತ ______.
3. ಪೆಟ್ರೋಲ್ ಬೆಂಕಿಗೆ ನೀರು ಬೇಡ, ______ ಹಾಕಬೇಕು.

ಇ) ಲೆಕ್ಕ ಮಾಡಿರಿ:
1. ಒಂದು ಔಷಧಿ ಪಂಪಿಗೆ 1 ಲೀಟರ್ ಪೆಟ್ರೋಲಿನಲ್ಲಿ 40 ಮಿಲಿಲೀಟರ್ ಎಣ್ಣೆ ಬೆರೆಸಬೇಕು. 3 ಲೀಟರಿಗೆ ಎಷ್ಟು?
2. ನೂರಕ್ಕೆ 20 ಪಾಲು ಎಥೆನಾಲ್ ಇದ್ದರೆ 5 ಲೀಟರ್ ಪೆಟ್ರೋಲಿನಲ್ಲಿ ಎಥೆನಾಲ್ ಎಷ್ಟು ಲೀಟರ್?

ಈ) ಕೂಡಿ ಮಾತಾಡಿರಿ:
ನಿಮ್ಮ ಮನೆಯಲ್ಲಿ ಪೆಟ್ರೋಲ್ ಎಲ್ಲಿ ಇಡುತ್ತೀರಿ? ಅಲ್ಲಿಂದ ಒಲೆ ಎಷ್ಟು ದೂರ? ಇವತ್ತೇ ಹೋಗಿ ನೋಡಿರಿ. ನಾಳೆ ತರಗತಿಯಲ್ಲಿ ಹೇಳಿರಿ.